ಮುಸುಕಿನ ಜೋಳದ ಎಲೆಯ ಅಂಗಮಾರಿ: ಅದರ ಕುಲಭೇದಗಳೂ ನಿವಾರಣೋಪಾಯಗಳೂ

ಹಿಂದಿನ ವರ್ಷ ರೋಗವನ್ನು ಚೆನ್ನಾಗಿ ತಡೆದುಕೊಂಡ ಬಿತ್ತನೆಯ ಬೀಜವು ಈ ವರ್ಷ ಅದೇ ಹೊಲದಲ್ಲಿ, ಅದೇ ಒಕ್ಕಲಿಗನ ಕೈಯಲ್ಲಿ, ಅದೇ ರೋಗಕ್ಕೆ ಏಕೆ ಸೋತುಹೋಗುತ್ತದೆ? ಮುಸುಕಿನ ಜೋಳವನ್ನು ಬೆಳೆಯುವ ಸೀಮೆಗಳಲ್ಲಿ ಭಾದ್ರಪದದ ಹೊತ್ತಿಗೆ ಈ ಪ್ರಶ್ನೆಯು ಮತ್ತೆ ಮತ್ತೆ ಕೇಳಿಬರುತ್ತದೆ. ಬೀಜವನ್ನು ಮಾರಿದ ಅಂಗಡಿಯವನು ಮೋಸಮಾಡಿದನೆಂದು ಕೆಲವರು ಹೇಳುವರು. ಮಳೆಯು ಅತಿಯಾಯಿತೆಂದು ಮತ್ತೆ ಕೆಲವರು. ಗ್ರಹಚಾರವೆಂದು ಸುಮ್ಮನಾಗುವವರೂ ಉಂಟು. ಈ ಕಾರಣಗಳು ಅಲ್ಲಲ್ಲಿ ನಿಜವಾಗಿಯೂ ಇರಬಹುದು. ಆದರೆ ಇವೆಲ್ಲಕ್ಕಿಂತಲೂ ಹೆಚ್ಚಾಗಿ ಗಮನಿಸತಕ್ಕ ಕಾರಣ ಮತ್ತೊಂದಿದೆ. ಬೀಜವು ಸ್ವಲ್ಪವೂ ಬದಲಾಗದೆ ಇದ್ದಾಗ ರೋಗವೇ ಬದಲಾಗಿರಬಹುದು. ನಾವು ಒಂದೇ ಹೆಸರಿನಿಂದ ಕರೆಯುವ ಬೇನೆಯ ಒಳಗೆ ಹಲವು ಕುಲಗಳು ಅಡಗಿರುತ್ತವೆಂಬುದನ್ನೂ, ಅವುಗಳಲ್ಲಿ ಯಾವುದು ಹೆಚ್ಚಬೇಕೆಂಬುದನ್ನು ನಾವು ಬಿತ್ತುವ ಬೀಜವೇ ಬಹುಮಟ್ಟಿಗೆ ನಿರ್ಣಯಿಸುವುದೆಂಬುದನ್ನೂ ವಾಚಕರಿಗೆ ಆದಷ್ಟು ಸುಲಭವಾಗಿ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶವಾಗಿದೆ.

ಪಟ್ಟಣದಲ್ಲಿ ವಾಸಿಸುವ ವಾಚಕರು, ಹೊಲವಿಲ್ಲದ ನಮಗೆ ಈ ವಿಚಾರವೇಕೆಂದು ಪುಟವನ್ನು ಮಗುಚಿಬಿಡಬಾರದು. ದಾವಣಗೆರೆ, ಹಾವೇರಿ, ಚಿತ್ರದುರ್ಗ, ಬೆಳಗಾವಿ ಮೊದಲಾದ ಜಿಲ್ಲೆಗಳಲ್ಲಿ ಹಿಂದೆ ಹತ್ತಿಯೂ ರಾಗಿಯೂ ಬಿಳಿಯ ಜೋಳವೂ ತುಂಬಿದ್ದ ನೆಲದಲ್ಲಿ ಈಗ ಮೈಲುಗಟ್ಟಲೆ ಮುಸುಕಿನ ಜೋಳವೇ ಕಾಣುವುದು. ಈ ಧಾನ್ಯವನ್ನು ಬೆಳೆಯುವುದರಲ್ಲಿ ಕರ್ನಾಟಕವು ಇಡೀ ಭಾರತದಲ್ಲಿಯೇ ಮುಂದಿನ ಸಾಲಿನಲ್ಲಿದೆ. ಇದರ ದೊಡ್ಡ ಪಾಲು ಕೋಳಿಗಳ ಮೇವಾಗಿ ಹೋಗುತ್ತದೆ. ಉಳಿದುದು ಪಿಷ್ಟವಾಗಿಯೂ, ದನದ ಆಹಾರವಾಗಿಯೂ, ಈಚೆಗೆ ವಾಹನಗಳ ಇಂಧನಕ್ಕೆ ಬೆರಸುವ ಮದ್ಯಸಾರವಾಗಿಯೂ ಮಾರ್ಪಡುವುದು. ಹಾಗಾಗಿ ಹಾಲು ಮೊಟ್ಟೆಗಳ ಬೆಲೆಯನ್ನು ಲೆಕ್ಕಹಾಕುವ ಗೃಹಿಣಿಗೂ ಈ ಪೈರಿನ ಎಲೆಯ ಮೇಲಿನ ಕಲೆಗೂ ಸಂಬಂಧವಿಲ್ಲದೆ ಇಲ್ಲ. ಇನ್ನು ಎರಡೆಕರೆಯ ಮಳೆಯಾಶ್ರಯದ ಹೊಲದಲ್ಲಿ ವರ್ಷಕ್ಕೊಂದೇ ಪೈರನ್ನು ತೆಗೆದು, ಅದರಿಂದಲೇ ಮಗಳ ಮದುವೆಯನ್ನೋ ಮಗನ ಕಾಲೇಜಿನ ಶುಲ್ಕವನ್ನೋ ನಡೆಸಬೇಕಾದವನ ಪಾಡನ್ನು ನಾವು ವಿಸ್ತರಿಸಿ ಹೇಳಬೇಕಾದುದಿಲ್ಲ.

ಈ ರೋಗಕ್ಕೆ ಶಾಸ್ತ್ರಜ್ಞರು ಟರ್ಸಿಕಂ ಎಲೆ ಅಂಗಮಾರಿ ಎಂದು ಹೆಸರಿಟ್ಟಿದ್ದಾರೆ. ಮೊದಲು ಗಿಡದ ಕೆಳಗಿನ ಎಲೆಗಳಲ್ಲಿ ನೀರಿನಲ್ಲಿ ನೆನೆದಂತೆ ಬೂದುಹಸಿರು ಬಣ್ಣದ ಮಚ್ಚೆಗಳು ಕಾಣಿಸಿಕೊಳ್ಳುವುವು. ಕ್ರಮೇಣ ಅವು ಎಲೆಯ ನರಗಳ ಉದ್ದಕ್ಕೂ ಚಾಚಿ, ನಡುವೆ ಅಗಲವಾಗಿಯೂ ಎರಡು ತುದಿಗಳಲ್ಲಿ ಚೂಪಾಗಿಯೂ, ಚುಟ್ಟದ ಅಥವಾ ದೋಣಿಯ ಆಕಾರವನ್ನು ತಳೆಯುವುವು. ಉದ್ದವು ಒಂದು ಅಂಗುಲದಿಂದ ಹಿಡಿದು ಆರು ಅಂಗುಲದವರೆಗೂ ಇರಬಹುದು. ಬಣ್ಣವು ಹುಲ್ಲಿನ ಕಂದಾಗುವುದು. ತೇವವುಳ್ಳ ರಾತ್ರಿಯ ಮಾರನೆಯ ದಿನ ಆ ಕಲೆಯ ಮೇಲೆ ಮಸಿಯನ್ನು ಉದುರಿಸಿದಂತೆ ಕಪ್ಪು ಛಾಯೆಯು ಕಾಣುವುದು; ಅದೇ ಶಿಲೀಂಧ್ರದ ಬೀಜಾಣುಗಳ ರಾಶಿ. ಕಲೆಗಳು ಒಂದನ್ನೊಂದು ಕೂಡಿಕೊಂಡು ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋದರೆ, ದೂರದಿಂದ ನೋಡುವವರಿಗೆ ಹೊಲವೆಲ್ಲ ಬೆಂಕಿಯ ಝಳಕ್ಕೆ ಸಿಕ್ಕಿ ಬಾಡಿದಂತೆ ತೋರುವುದು.

ಇದನ್ನು ಬೇರೆ ಬೇನೆಗಳೊಡನೆ ಬೆರಸಿಕೊಳ್ಳುವ ಸಂಭವವುಂಟು. ಸಾರಜನಕದ ಕೊರತೆಯಿಂದಲೂ ಕೆಳಗಿನ ಎಲೆಗಳು ಒಣಗುವುವು. ಆದರೆ ಅಲ್ಲಿ ಹಳದಿಯು ಎಲೆಯ ತುದಿಯಿಂದ ನಡುನರವನ್ನು ಹಿಡಿದು ಈಟಿಯ ಮೊನೆಯಂತೆ ಒಳಕ್ಕೆ ನುಗ್ಗುವುದೇ ಹೊರತು ದೋಣಿಯಾಕಾರದ ಕಲೆಗಳು ಇರುವುದಿಲ್ಲ. ತುಕ್ಕುರೋಗವಾದರೆ ಬೆರಳಿನಿಂದ ಉಜ್ಜಿದಾಗ ಇಟ್ಟಿಗೆಯ ಬಣ್ಣದ ಪುಡಿ ಅಂಟುವುದು. ಮೇಡಿಸ್ ಅಂಗಮಾರಿ ಎಂಬ ಮತ್ತೊಂದು ರೋಗದಲ್ಲಿ ಕಲೆಗಳು ಒಂದಂಗುಲದಷ್ಟೇ ಚಿಕ್ಕವಾಗಿ, ಎಲೆಯ ತುಂಬ ಒತ್ತಾಗಿ ಇರುವುವು. ಅದಕ್ಕೆ ಸೆಕೆಯು ಹಿತ, ಟರ್ಸಿಕಮ್ಮಿಗೆ ತಂಪು ಹಿತ. ಈ ಮೇಡಿಸ್ ರೋಗದ ವಿಚಾರವು ಮುಂದೆ ಬರುವುದರಿಂದ ವಾಚಕರು ಅದರ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಹೆಸರಿನ ವಿಚಾರವಾಗಿ ಎರಡು ಮಾತು. ಅಮೆರಿಕಾ ಖಂಡದಿಂದ ಹೊರಟ ಈ ಧಾನ್ಯವನ್ನು ಯೂರೋಪಿನವರು ಎಲ್ಲಿಂದ ಬಂದಿತೆಂದು ತಿಳಿಯದೆ ತುರ್ಕಿಯ ಧಾನ್ಯವೆಂದು ಕರೆದರು. ಇಟಲಿಯಲ್ಲಿ ಇಂದಿಗೂ ಅದೇ ಅರ್ಥದ ಹೆಸರು ಬಳಕೆಯಲ್ಲಿದೆ. ೧೮೭೬ರಲ್ಲಿ ಇಟಲಿಯ ಪಸ್ಸರೀನಿ ಎಂಬ ಪಂಡಿತರು ಈ ಶಿಲೀಂಧ್ರವನ್ನು ವರ್ಣಿಸಿದಾಗ ಅದಕ್ಕೆ ಟರ್ಸಿಕಂ, ಎಂದರೆ ತುರ್ಕಿಯದು, ಎಂಬ ವಿಶೇಷಣ ಅಂಟಿಕೊಂಡಿತು. ಕುಲನಾಮವಾದ ಹೆಲ್ಮಿಂಥೊಸ್ಪೋರಿಯಂ ಎಂಬುದಕ್ಕೆ ಹುಳುವಿನಂಥ ಬೀಜಾಣುವುಳ್ಳದ್ದು ಎಂದರ್ಥ. ಮುಂದೆ ಶಾಸ್ತ್ರಜ್ಞರು ಆ ಹೆಸರನ್ನು ಬದಲಾಯಿಸಿ, ಬೀಜಾಣುವಿನ ನಾಭಿಯು ಹೊರಕ್ಕೆ ಚಾಚಿರುವುದನ್ನು ನೋಡಿ, ಎಕ್ಸೆರೊಹೈಲಂ ಎಂದು ಕರೆದರು. ನಮ್ಮಲ್ಲಿ ಶಿಲೀಂಧ್ರವೆಂಬ ಶಬ್ದಕ್ಕೆ ಮೂಲದಲ್ಲಿ ಅಶುಭದ ವಾಸನೆಯೇ ಇರಲಿಲ್ಲ. ಮೇಘದೂತದಲ್ಲಿ ಕಾಳಿದಾಸನು ಮೋಡದ ಗುಡುಗಿಗೆ ನೆಲದಿಂದೇಳುವ ಶಿಲೀಂಧ್ರವನ್ನು ಭೂಮಿಯು ಫಲವತಿಯಾಗುವುದಕ್ಕೆ ಗುರುತಾಗಿ ಹೇಳಿದ್ದಾನೆ. ಅವನು ಕಂಡದ್ದು ಅಣಬೆಯನ್ನು. ಒಕ್ಕಲಿಗನು ಎಲೆಯ ಮೇಲೆ ಕಾಣುವುದು ಅದೇ ವರ್ಗದ ಬೇರೊಂದು ಜೀವಿಯನ್ನು. ಅದಕ್ಕೂ ಬೇಕಾದದ್ದು ಅದೇ ಮೋಡ, ಅದೇ ತಂಪು.

ಭಾರತದಲ್ಲಿ ಈ ರೋಗವನ್ನು ಮೊದಲು ದಾಖಲೆ ಮಾಡಿದವರು ಬಿಹಾರದ ಪೂಸಾದಲ್ಲಿ ಶಿಲೀಂಧ್ರ ಶಾಸ್ತ್ರಜ್ಞರಾಗಿದ್ದ ಬಟ್ಲರ್ ಅವರು, ೧೯೦೭ರಲ್ಲಿ. ಅದರ ಜೀವನಕ್ರಮವು ಹೀಗಿದೆ. ಕೊಯ್ಲಿನ ಅನಂತರ ಹೊಲದಲ್ಲಿ ಬಿದ್ದ ರೋಗದ ಎಲೆ ದಂಟುಗಳಲ್ಲಿ ಶಿಲೀಂಧ್ರವು ಬೇಸಗೆಯನ್ನು ಕಳೆಯುವುದು. ಮಳೆ ಬಿದ್ದ ಮೇಲೆ ಆ ಕಸದ ಮೇಲೆ ಬೀಜಾಣುಗಳು ಹುಟ್ಟಿ ಗಾಳಿಯಲ್ಲಿ ತೇಲಿ ಎಳೆಯ ಪೈರಿನ ಎಲೆಯನ್ನು ಸೇರುವುವು. ಉಷ್ಣತೆಯು ೧೮ರಿಂದ ೨೭ ಡಿಗ್ರಿ ಸೆಲ್ಸಿಯಸ್ಸಿನೊಳಗಿದ್ದು, ಎಲೆಯು ಆರು ಗಂಟೆಗೂ ಹೆಚ್ಚು ಹೊತ್ತು ಒದ್ದೆಯಾಗಿದ್ದರೆ ಬೀಜಾಣುವು ಮೊಳೆತು ಎಲೆಯ ಚರ್ಮವನ್ನು ಭೇದಿಸಿ ಒಳಹೊಗುವುದು. ನಮ್ಮ ಬಯಲು ಸೀಮೆಯ ಶ್ರಾವಣ ಭಾದ್ರಪದಗಳ ಮೋಡ ಕವಿದ ದಿನಗಳೂ ಇಬ್ಬನಿಯ ರಾತ್ರಿಗಳೂ ಅದಕ್ಕಾಗಿಯೇ ಏರ್ಪಟ್ಟಂತಿವೆ. ಒಳಗೆ ಸೇರಿದ ಶಿಲೀಂಧ್ರದ ಎಳೆಗಳು ಎಲೆಯ ನೀರಿನ ನಾಳಗಳನ್ನು ಹೊಕ್ಕು ಅಡ್ಡಗಟ್ಟುವುವು. ಕಲೆಯು ಉದ್ದಕ್ಕೆ ಚಾಚುವುದಕ್ಕೆ ಕಾರಣವಿದೇ. ಒಂದೆರಡು ವಾರಗಳಲ್ಲಿ ಕಲೆಯು ಪಕ್ವವಾಗಿ ಅದರಿಂದಲೇ ಹೊಸ ಬೀಜಾಣುಗಳು ಹೊರಡುವುವು. ನೂರಿಪ್ಪತ್ತು ದಿನಗಳ ಪೈರಿನ ಮೇಲೆ ಈ ಚಕ್ರವು ಎಷ್ಟು ಬಾರಿ ತಿರುಗಬಹುದೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು. ರೇಷ್ಮೆಯಂಥ ಕೂದಲು ತೆನೆಯಿಂದ ಹೊರಡುವುದಕ್ಕೆ ಮೊದಲೇ ರೋಗವು ಬೇರೂರಿದರೆ ಅರ್ಧದಷ್ಟು ಬೆಳೆ ಹೋಗಬಹುದು. ಕೂದಲು ಬಂದು ಆರು ವಾರಗಳಾದ ಮೇಲೆ ಬಂದರೆ ಕಾಳಿಗೆ ಹೆಚ್ಚಿನ ನಷ್ಟವಿಲ್ಲ. ಮೇವಿನ ಸತ್ತ್ವವು ಮಾತ್ರ ಕುಗ್ಗುವುದು.

ಇಷ್ಟೂ ಬೇನೆಯ ಬಾಹ್ಯ ಲಕ್ಷಣ. ಅದರ ಕುಲಭೇದವನ್ನು ತಿಳಿಯಬೇಕಾದರೆ ಅಮೆರಿಕಾದಲ್ಲಿ ನಡೆದ ಒಂದು ದೀರ್ಘವಾದ ಹೋರಾಟವನ್ನು ನೋಡಬೇಕು. ೧೯೬೦ರ ದಶಕದ ಆರಂಭದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಹೂಕರ್ ಎಂಬ ಪಂಡಿತರು ಈ ರೋಗವನ್ನು ಬಲವಾಗಿ ತಡೆಯುವ ಒಂದೇ ಒಂದು ವಂಶವಾಹಿಯನ್ನು ಗುರುತಿಸಿದರು. ಅದು ದೊರೆತ ಮೂಲಗಳಲ್ಲಿ ಅರಳು ಹುರಿಯುವ ಜೋಳದ ಒಂದು ತಳಿಯೂ ಸೇರಿತ್ತು. ಅದಕ್ಕೆ ಎಚ್‌ಟಿ-೧ ಎಂದು ಹೆಸರಾಯಿತು. ಒಂದೇ ವಂಶವಾಹಿಯಾದುದರಿಂದ ಅದನ್ನು ಬೇರೆ ತಳಿಗಳಿಗೆ ಸಾಗಿಸುವುದು ಸುಲಭ. ಕೆಲವೇ ವರ್ಷಗಳಲ್ಲಿ ಅಮೆರಿಕಾದ ಜೋಳದ ಸೀಮೆಯ ಸಂಕರ ತಳಿಗಳಲ್ಲಿ ಅದು ವಿಶೇಷವಾಗಿ ಹರಡಿತು, ರೋಗವೂ ಅಡಗಿತು. ಆದರೆ ೧೯೭೪ರಲ್ಲಿ ಹವಾಯಿ ದ್ವೀಪದಿಂದ ಒಂದು ವರದಿಯು ಹೊರಟಿತು: ಎಚ್‌ಟಿ-೧ ಇರುವ ಗಿಡಗಳ ಮೇಲೆಯೂ ನಿರ್ಭಯವಾಗಿ ಬೆಳೆಯುವ ಶಿಲೀಂಧ್ರದ ಕುಲವೊಂದು ಅಲ್ಲಿ ಕಂಡುಬಂದಿದೆಯೆಂದು. ೧೯೭೯ರಲ್ಲಿ ಅಂಥದೇ ಕುಲವು ಅಮೆರಿಕಾದ ಒಳನಾಡಾದ ಇಂಡಿಯಾನಾದಲ್ಲಿಯೂ ಪತ್ತೆಯಾಯಿತು.

ಶಾಸ್ತ್ರಜ್ಞರು ಸುಮ್ಮನೆ ಕೂರಲಿಲ್ಲ. ಆಸ್ಟ್ರೇಲಿಯಾದ ತಳಿಯಿಂದ ಎಚ್‌ಟಿ-೨, ಜೋಳದ ಕಾಡುಬಂಧುವಾದ ಒಂದು ಹುಲ್ಲಿನಿಂದ ಎಚ್‌ಟಿ-೩, ಮೆಕ್ಸಿಕೋದ ಪೆಪಿಟಿಲ್ಲಾ ಎಂಬ ನಾಡತಳಿಯಿಂದ ಎಚ್‌ಟಿ-ಎನ್ ಎಂಬ ವಂಶವಾಹಿಗಳನ್ನು ತಂದರು. ಒಂದೊಂದಕ್ಕೂ ಅದನ್ನು ಗೆಲ್ಲುವ ಕುಲವು ಎಲ್ಲಿಯಾದರೂ ಕಾಣಿಸಿಕೊಂಡಿತು. ಈಗ ಕುಲಗಳನ್ನು ಹೆಸರಿಸುವ ಪದ್ಧತಿಯೇ ಈ ಹೋರಾಟದ ಲೆಕ್ಕಪತ್ರದಂತಿದೆ. ಯಾವ ವಂಶವಾಹಿಯನ್ನೂ ಗೆಲ್ಲಲಾರದ ಕುಲಕ್ಕೆ ಸೊನ್ನೆ, ಮೊದಲನೆಯದನ್ನು ಗೆಲ್ಲುವುದಕ್ಕೆ ಒಂದು, ಎರಡನೆಯದನ್ನೂ ಮೂರನೆಯದನ್ನೂ ಗೆಲ್ಲುವುದಕ್ಕೆ ಎರಡು-ಮೂರು, ಹೀಗೆ. ೧೯೮೯ರಲ್ಲಿ ಗೊತ್ತುಮಾಡಿದ ಈ ಪದ್ಧತಿಯಲ್ಲಿ ಕುಲದ ಹೆಸರನ್ನು ಕೇಳಿದೊಡನೆಯೇ ಅದು ಯಾವ ಯಾವ ಕೋಟೆಗಳನ್ನು ಹಿಡಿದಿದೆಯೆಂಬುದು ತಿಳಿದುಬಿಡುವುದು. ವ್ಯಾಕರಣದ ಸೂತ್ರಗಳನ್ನು ಕಂಠಪಾಠ ಮಾಡಿದವರಿಗೆ ಈ ಸಂಕ್ಷೇಪವು ಮೆಚ್ಚುಗೆಯಾಗದೆ ಇರದು.

ಹೀಗೇಕೆ ಆಗುವುದೆಂಬುದನ್ನು ೧೯೪೦ರ ದಶಕದಲ್ಲಿಯೇ ಅಮೆರಿಕಾದ ಫ್ಲೋರ್ ಎಂಬವರು ಅಗಸೆಯ ತುಕ್ಕುರೋಗವನ್ನು ಪರೀಕ್ಷಿಸಿ ಕಂಡುಕೊಂಡಿದ್ದರು. ಗಿಡದಲ್ಲಿ ರೋಗವನ್ನು ತಡೆಯುವ ಒಂದೊಂದು ವಂಶವಾಹಿಗೂ ಶಿಲೀಂಧ್ರದಲ್ಲಿ ಅದಕ್ಕೆ ಪ್ರತಿಯಾದ ಒಂದೊಂದು ವಂಶವಾಹಿಯಿರುತ್ತದೆ. ಗಿಡವು ಶತ್ರುವನ್ನು ಗುರುತಿಸುವುದು ಶತ್ರುವಿನ ಮೈಮೇಲಿನ ಒಂದು ಗುರುತಿನಿಂದ. ಊರ ಬಾಗಿಲ ಕಾವಲುಗಾರನಿಗೆ ಕಳ್ಳನು ಕೆಂಪು ರುಮಾಲಿನವನೆಂದು ಮಾತ್ರ ಹೇಳಿದ್ದರೆ, ಕಳ್ಳರ ಗುಂಪಿನಲ್ಲಿ ರುಮಾಲನ್ನು ಎಸೆದವನು ಸಲೀಸಾಗಿ ಒಳಗೆ ಬರುವನು. ಶಿಲೀಂಧ್ರದ ಲೆಕ್ಕವಿಲ್ಲದ ಬೀಜಾಣುಗಳಲ್ಲಿ ಎಲ್ಲಿಯೋ ಒಂದರಲ್ಲಿ ಆಕಸ್ಮಿಕವಾಗಿ ಆ ಗುರುತು ಕೆಟ್ಟಿರುವುದು. ಬೇರೆಯವೆಲ್ಲ ಸಾಯುವ ಹೊಲದಲ್ಲಿ ಅದೊಂದೇ ಬದುಕಿ ವಂಶವನ್ನು ಬೆಳೆಸುವುದು. ಗಿಡದ ತಡೆಯು ದುರ್ಬಲವಾಯಿತೆಂದು ನಾವು ತಿಳಿಯುವೆವು. ನಿಜವಾಗಿ ನಾವೇ ಆ ತಡೆಯ ಮೂಲಕ ಆ ಒಂದು ಕುಲವನ್ನು ಆರಿಸಿ ಸಾಕಿದಂತಾಯಿತು.

ಇದಲ್ಲದೆ ಈ ಶಿಲೀಂಧ್ರದಲ್ಲಿ ಎರಡು ವಿಧದ ಲಿಂಗಭೇದವೂ ಉಂಟು. ಎರಡೂ ಒಂದೆಡೆ ಸೇರಿದರೆ ಗುಣಗಳು ಬೆರೆತು ಹೊಸ ಸಂಯೋಗಗಳು ಹುಟ್ಟುವುವು. ೧೯೯೮ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಕೀನ್ಯ ಮೆಕ್ಸಿಕೋ ಮೊದಲಾದ ಉಷ್ಣ ದೇಶಗಳ ಶಿಲೀಂಧ್ರಗಳಲ್ಲಿ ಯೂರೋಪಿನವಕ್ಕಿಂತ ಹೆಚ್ಚು ವೈವಿಧ್ಯವಿರುವುದು ಕಂಡುಬಂದಿತು. ನಮ್ಮಲ್ಲಿಯೂ ಬೇರೆ ಬೇರೆ ಊರುಗಳಿಂದ ತಂದ ಮಾದರಿಗಳನ್ನು ಕೃಷಿ ವಿಶ್ವವಿದ್ಯಾನಿಲಯಗಳ ಪ್ರಯೋಗಶಾಲೆಗಳಲ್ಲಿ ಬೆಳೆಸಿ ನೋಡಿದಾಗ ಬಣ್ಣ, ಬೆಳವಣಿಗೆಯ ವೇಗ, ಬೀಜಾಣುವಿನ ಗಾತ್ರ, ರೋಗ ಉಂಟುಮಾಡುವ ತೀಕ್ಷ್ಣತೆ ಇವು ಒಂದರಂತೆ ಒಂದಿರುವುದಿಲ್ಲ. ಬಿಳಿಯ ಜೋಳದ ಮೇಲೆಯೂ ಇದೇ ಜಾತಿಯ ಶಿಲೀಂಧ್ರವುಂಟು. ಆದರೆ ಅಲ್ಲಿಂದ ತಂದದ್ದು ಸಾಮಾನ್ಯವಾಗಿ ಮುಸುಕಿನ ಜೋಳವನ್ನು ಹಿಡಿಯದು. ಹೆಸರೊಂದೇ ಆದರೂ ಊಟದ ಎಲೆ ಬೇರೆ.

ಕುಲಭೇದವನ್ನು ಅಲಕ್ಷ್ಯಮಾಡಿದರೆ ಎಂಥ ಅನರ್ಥವಾಗಬಹುದೆಂಬುದಕ್ಕೆ ಹಿಂದೆ ಹೇಳಿದ ಮೇಡಿಸ್ ಅಂಗಮಾರಿಯ ಕಥೆಯೇ ಸಾಕ್ಷಿ. ಸಂಕರ ಬೀಜವನ್ನು ತಯಾರಿಸಬೇಕಾದರೆ ಹೆಣ್ಣಾಗಿ ಇಟ್ಟುಕೊಂಡ ಸಾಲಿನ ಗಿಡಗಳ ಗಂಡು ಹೂವನ್ನು, ಎಂದರೆ ತುದಿಯ ಸೂಲಂಗಿಯನ್ನು, ಪರಾಗ ಉದುರುವುದಕ್ಕೆ ಮೊದಲೇ ಕಿತ್ತುಹಾಕಬೇಕು. ಸಾವಿರಾರು ಎಕರೆಗಳಲ್ಲಿ ಇದನ್ನು ಕೈಯಿಂದ ಮಾಡುವುದು ಎಷ್ಟು ಖರ್ಚಿನ ಕೆಲಸವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೀಗಿರಲು ಟೆಕ್ಸಾಸಿನಲ್ಲಿ ಹುಟ್ಟಿನಿಂದಲೇ ಪರಾಗವಿಲ್ಲದ ಒಂದು ಬಗೆಯ ಗಿಡವು ದೊರೆಯಿತು. ಆ ಬಂಜೆತನವು ಕೋಶರಸದ ಮೂಲಕ ತಾಯಿಯಿಂದ ಮಾತ್ರ ಸಂತತಿಗೆ ಇಳಿಯತಕ್ಕದ್ದು. ಬೀಜದ ವ್ಯಾಪಾರಿಗಳಿಗೆ ಇದು ಕಾಮಧೇನುವಾಯಿತು. ೧೯೭೦ರ ಹೊತ್ತಿಗೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಜೋಳದ ಹೊಲಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾಗದಲ್ಲಿ ಈ ಒಂದೇ ತಾಯಿಯ ಕೋಶರಸವು ತುಂಬಿತ್ತು. ತಂದೆಯ ಕಡೆಯ ತಳಿಗಳು ನಾನಾ ಬಗೆಯಾಗಿದ್ದುದರಿಂದ ಮೇಲುನೋಟಕ್ಕೆ ವೈವಿಧ್ಯವೇ ಕಾಣುತ್ತಿತ್ತು. ಬೀಜವು ಪ್ರಧಾನವೋ ಕ್ಷೇತ್ರವು ಪ್ರಧಾನವೋ ಎಂಬ ವಾದವು ನಮ್ಮ ಧರ್ಮಶಾಸ್ತ್ರಗಳಲ್ಲಿ ಪುರಾತನವಾದದ್ದು. ಇಲ್ಲಿ ಮಾತ್ರ ಕ್ಷೇತ್ರವೇ ಅಳಿವು ಉಳಿವುಗಳನ್ನು ನಿರ್ಣಯಿಸಿತು.

ಈ ಕೋಶರಸವುಳ್ಳ ಗಿಡಗಳು ಮೇಡಿಸ್ ಅಂಗಮಾರಿಗೆ ಸುಲಭವಾಗಿ ತುತ್ತಾಗುತ್ತವೆಂದು ೧೯೬೧ರಲ್ಲಿಯೇ ಫಿಲಿಪ್ಪೀನ್ಸಿನ ಶಾಸ್ತ್ರಜ್ಞರಿಬ್ಬರು ಬರೆದಿದ್ದರು. ಆ ಮಾತಿಗೆ ಅಮೆರಿಕಾದಲ್ಲಿ ಬೆಲೆ ಬರಲಿಲ್ಲ. ಅದು ಆ ದೂರ ದೇಶದ ಸೆಕೆಯ ಹವೆಗೆ ಸಂಬಂಧಪಟ್ಟದ್ದೆಂದು ಭಾವಿಸಿದರು. ೧೯೭೦ರ ಆರಂಭದಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ರೋಗವು, ತೇವದ ಗಾಳಿಯ ಬೆನ್ನೇರಿ, ಆ ಬೇಸಗೆಯು ಮುಗಿಯುವುದರೊಳಗೆ ಉತ್ತರದ ರಾಜ್ಯಗಳವರೆಗೂ ನಡೆಯಿತು. ದೇಶದ ಒಟ್ಟು ಬೆಳೆಯಲ್ಲಿ ನೂರಕ್ಕೆ ಸುಮಾರು ಹದಿನೈದು ಪಾಲು ನಾಶವಾಯಿತು. ದಕ್ಷಿಣದ ಕೆಲವೆಡೆ ಅರ್ಧಕ್ಕಿಂತ ಹೆಚ್ಚು ಹೋಯಿತು. ನಷ್ಟದ ಮೊತ್ತವನ್ನು ನೂರು ಕೋಟಿ ಡಾಲರುಗಳೆಂದು ಎಣಿಸಿದರು. ಇದನ್ನು ಮಾಡಿದ್ದು ಶಿಲೀಂಧ್ರದ 'ಟಿ' ಎಂಬ ಒಂದು ಕುಲ. ಅದು ಸುರಿಸುವ ಒಂದು ವಿಷವು ಟೆಕ್ಸಾಸಿನ ಕೋಶರಸದಲ್ಲಿರುವ ಒಂದು ವಿಶೇಷ ಪ್ರೋಟೀನನ್ನು ಹಿಡಿದು ಗಿಡದ ಉಸಿರಾಟದ ಸೂಕ್ಷ್ಮಾಂಗಗಳನ್ನೇ ತೂತುಮಾಡುತ್ತಿತ್ತು. ಪರಾಗವನ್ನು ಕೊಂದ ಪ್ರೋಟೀನೂ ಅದೇ! ಯಾವ ಗುಣಕ್ಕಾಗಿ ಆ ಗಿಡವನ್ನು ದೇಶವೆಲ್ಲ ಹಚ್ಚಿದರೋ ಅದೇ ಗುಣವು ಶತ್ರುವಿಗೆ ಬಾಗಿಲಾಯಿತು.

ಮುಂದಿನ ಸಂಗತಿಯು ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದದ್ದು. ಬೀಜದ ವ್ಯಾಪಾರಿಗಳು ಆ ಕೋಶರಸವನ್ನು ಕೈಬಿಟ್ಟು ಮತ್ತೆ ಸೂಲಂಗಿ ಕೀಳುವ ಹಳೆಯ ಪದ್ಧತಿಗೇ ಮರಳಿದರು. ಆಗ 'ಟಿ' ಕುಲವು ತನ್ನಷ್ಟಕ್ಕೆ ತಾನೇ ವಿರಳವಾಗಿ, ಹಳೆಯ ಸಾಮಾನ್ಯ ಕುಲವು ಅದರ ಜಾಗಕ್ಕೆ ಬಂದಿತು. ಯಾರೂ ಅದನ್ನು ಔಷಧದಿಂದ ಕೊಲ್ಲಲಿಲ್ಲ. ಅದಕ್ಕೆ ಬಡಿಸುತ್ತಿದ್ದ ಎಲೆಯನ್ನು ತೆಗೆದರು, ಅಷ್ಟೆ.

ಹಾಗಾದರೆ ರೋಗವನ್ನು ತಡೆಯುವ ತಳಿಗಳನ್ನು ನಂಬಲೇ ಬಾರದೇ? ಖಂಡಿತವಾಗಿಯೂ ನಂಬಬೇಕು, ಎಕರೆಗಟ್ಟಲೆ ಹೊಲಕ್ಕೆ ಅದಕ್ಕಿಂತ ಅಗ್ಗದ ರಕ್ಷೆಯಿಲ್ಲ. ಆದರೆ ತಡೆಯುವ ಗುಣದಲ್ಲಿಯೂ ಎರಡು ಬಗೆಗಳುಂಟು. ದಕ್ಷಿಣ ಆಫ್ರಿಕಾದ ವ್ಯಾಂಡರ್‌ಪ್ಲ್ಯಾಂಕ್ ಎಂಬ ಪಂಡಿತರು ೧೯೬೩ರ ತಮ್ಮ ಗ್ರಂಥದಲ್ಲಿ ಇವನ್ನು ಲಂಬ ನಿರೋಧ, ಸಮತಲ ನಿರೋಧ ಎಂಬ ಅರ್ಥದ ಹೆಸರುಗಳಿಂದ ವಿಂಗಡಿಸಿದರು. ಒಂದೇ ವಂಶವಾಹಿಯ ನಿರೋಧವು ಕೆಲವು ಕುಲಗಳನ್ನು ಪೂರ್ತಿಯಾಗಿ ತಡೆದು, ಬೇರೆ ಕುಲಗಳಿಗೆ ಸಂಪೂರ್ಣವಾಗಿ ಬಾಗಿಲು ತೆರೆಯುವುದು. ಹಲವು ವಂಶವಾಹಿಗಳು ಸೇರಿ ಉಂಟಾಗುವ ನಿರೋಧವು ಯಾವ ಕುಲವನ್ನೂ ಪೂರ್ತಿಯಾಗಿ ತಡೆಯದು. ಆದರೆ ಎಲ್ಲ ಕುಲಗಳನ್ನೂ ನಿಧಾನಗೊಳಿಸುವುದು. ಕಲೆಗಳು ಬರುವುವು, ಆದರೆ ಚಿಕ್ಕವಾಗಿರುವುವು, ತಡವಾಗಿ ಪಕ್ವವಾಗುವುವು, ಬೀಜಾಣುಗಳನ್ನು ಕಡಮೆ ಉದುರಿಸುವುವು. ಹೊಲವನ್ನು ನೋಡಲು ಬಂದ ಒಕ್ಕಲಿಗನಿಗೆ ಒಂದೂ ಕಲೆಯಿಲ್ಲದ ಹಚ್ಚಹಸಿರಿನ ಗಿಡವೇ ಮೆಚ್ಚುಗೆಯಾಗುವುದು ಸಹಜ. ನಮ್ಮ ಅಭಿಪ್ರಾಯದಲ್ಲಿ, ನಾಲ್ಕಾರು ಕಲೆಗಳನ್ನು ಹೊತ್ತುಕೊಂಡೂ ತೆನೆಯನ್ನು ತುಂಬಿಸುವ ಗಿಡವೇ ಬಹುಕಾಲ ಬಾಳತಕ್ಕದ್ದು.

ಈ ಮಟ್ಟವನ್ನು ಅಳೆಯುವುದಕ್ಕೆ ಪಾಯಕ್ ಮತ್ತು ಶರ್ಮ ಎಂಬ ನಮ್ಮ ದೇಶದ ಪಂಡಿತರು ೧೯೮೩ರಲ್ಲಿ ಒಂದರಿಂದ ಐದರವರೆಗಿನ ಅಂಕಗಳ ಮಾಪಕವನ್ನು ಪ್ರಕಟಿಸಿದರು. ಕೆಳಗಿನ ಎಲೆಗಳಲ್ಲಿ ಒಂದೆರಡು ಕಲೆಯಿದ್ದರೆ ಒಂದು. ಗಿಡವೆಲ್ಲ ಸುಟ್ಟಂತಾದರೆ ಐದು. ಪ್ರಸಂಗವಶಾತ್ ಒಂದು ಮಾತು. ಹದಿಮೂರನೆಯ ಶತಮಾನದಲ್ಲಿ ಕಟ್ಟಿದ ನಮ್ಮ ಸೋಮನಾಥಪುರದ ದೇವಾಲಯದ ವಿಗ್ರಹಗಳು ಕೈಯಲ್ಲಿ ಹಿಡಿದಿರುವುದು ಮುಸುಕಿನ ಜೋಳದ ತೆನೆಯೆಂದೂ, ಆದುದರಿಂದ ಕೊಲಂಬಸ್ಸಿಗಿಂತ ಮೊದಲೇ ಆ ಧಾನ್ಯವು ಇಲ್ಲಿತ್ತೆಂದೂ ಅಮೆರಿಕಾದ ವಿದ್ವಾಂಸರು ೧೯೮೯ರಲ್ಲಿ ವಾದಿಸಿದರು. ೧೯೯೩ರಲ್ಲಿ ಅದನ್ನು ಖಂಡಿಸಿ, ಅದು ಜೋಳವಲ್ಲ, ಮುತ್ತುಗಳಿಂದ ಕಲ್ಪಿಸಿದ ಮುಕ್ತಾಫಲವೆಂದು ಬರೆದ ಇಬ್ಬರಲ್ಲಿ ಇದೇ ಪಾಯಕರೂ ಒಬ್ಬರು. ಜನ್ಮವೆಲ್ಲ ಜೋಳದ ಎಲೆಯನ್ನು ನೋಡಿದವರಿಗೆ ಕಲ್ಲಿನ ಜೋಳವನ್ನು ಪರೀಕ್ಷಿಸುವ ಅಧಿಕಾರವು ಉಂಟೇ ಉಂಟು. ನಮಗೂ ಅವರ ಅರ್ಥವೇ ಸರಿಯೆಂದು ತೋರುವುದು.

ಇನ್ನು ನಿವಾರಣೆಯ ಮಾತು. ಬೀಜವನ್ನು ಕೊಳ್ಳುವಾಗ ಟರ್ಸಿಕಂ ಅಂಗಮಾರಿಯನ್ನು ತಡೆಯುವ ತಳಿಯೇ ಎಂಬುದನ್ನು ವಿಚಾರಿಸಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ನಾಗೇನಹಳ್ಳಿಯ ಸಂಶೋಧನ ಕೇಂದ್ರದಲ್ಲಿ ಸಿದ್ಧಪಡಿಸಿದ ಹೇಮಾ, ನಿತ್ಯಶ್ರೀ ಎಂಬ ಸಂಕರ ತಳಿಗಳು ಈ ಗುಣಕ್ಕಾಗಿಯೇ ಹೆಸರಾದವು. ಖಾಸಗಿ ತಳಿಗಳೂ ಅನೇಕವಿವೆ. ಈಗಿನ ಬೀಜವು ಬಹುತೇಕ ಎರಡು ಶುದ್ಧ ತಳಿಗಳ ಒಂದೇ ಸಂಕರದಿಂದ ಆದುದು. ಒಂದು ಚೀಲದೊಳಗಿನ ಕಾಳುಗಳೆಲ್ಲ ಅವಳಿ ಮಕ್ಕಳಿದ್ದಂತೆ. ಒಂದನ್ನು ಗೆದ್ದ ಕುಲವು ಎಲ್ಲವನ್ನೂ ಗೆದ್ದಿತು. ಆದಕಾರಣ ಊರಿಗೆ ಊರೇ ಒಂದೇ ಚೀಲದ ಬೀಜವನ್ನು ಬಿತ್ತುವುದು ವಿವೇಕವಲ್ಲ. ನಾಲ್ಕೆಕರೆಯುಳ್ಳವನು ಎರಡು ತಳಿಗಳನ್ನು ಹಾಕಲಿ. ನೆರೆಯವನು ಮೂರನೆಯದನ್ನು ಹಾಕಲಿ. ಕಳೆದ ವರ್ಷ ಒಬ್ಬನಿಗೆ ಹೆಚ್ಚು ಇಳುವರಿ ಬಂತೆಂಬ ಸುದ್ದಿಯೊಂದರಿಂದಲೇ ಹಳ್ಳಿಯೆಲ್ಲ ಒಂದೇ ಅಂಗಡಿಯ ಮುಂದೆ ಸಾಲುನಿಲ್ಲುವುದನ್ನು ನೋಡಿದರೆ ನಮಗೆ ಭಯವಾಗುತ್ತದೆ.

ಎರಡನೆಯದು ಕಸದ ವಿಚಾರ. ರೋಗವು ಬೇಸಗೆಯನ್ನು ಕಳೆಯುವುದು ಹಳೆಯ ದಂಟಿನಲ್ಲಿಯಾದುದರಿಂದ ಅದನ್ನು ಹೊಲದಲ್ಲಿ ಬಿಡಬಾರದು. ಆದರೆ ನಮ್ಮಲ್ಲಿ ದಂಟೆಂದರೆ ದನದ ಮೇವು. ಸುಡಬೇಕೆಂಬ ಸಲಹೆಯನ್ನು ಯಾವ ಗೃಹಸ್ಥನೂ ಕೇಳಲಾರನು, ಕೇಳಬೇಕಾದುದೂ ಇಲ್ಲ. ದಂಟನ್ನು ಮನೆಗೆ ಸಾಗಿಸಿ ಮಳೆಗಾಲಕ್ಕೆ ಮೊದಲೇ ತಿನ್ನಿಸಿ ಮುಗಿಸಬೇಕು. ಉಳಿದ ಬಣವೆಯನ್ನು ಮುಂದೆ ಜೋಳ ಬಿತ್ತುವ ಹೊಲದ ಬದುವಿನ ಮೇಲೆ ಒಟ್ಟಿಡಬಾರದು. ಅದು ಕಳ್ಳನಿಗೆ ಮನೆಯ ಜಗುಲಿಯಲ್ಲಿಯೇ ಹಾಸಿಗೆ ಹಾಸಿಕೊಟ್ಟಂತೆ. ದನವು ಬಿಟ್ಟ ಕಡ್ಡಿಯನ್ನು ತಿಪ್ಪೆಯ ಗುಂಡಿಯ ಆಳಕ್ಕೆ ಹಾಕಿ ಚೆನ್ನಾಗಿ ಕಳಿಯಗೊಡಬೇಕು. ಹೊಲದಲ್ಲಿ ಉಳಿದ ಕೂಳೆಯನ್ನು ಆಳವಾಗಿ ಉತ್ತು ಮಣ್ಣಿನೊಳಗೆ ಹೂಳಬೇಕು. ಮುಂದಿನ ವರ್ಷ ತೊಗರಿ, ಶೇಂಗಾ, ಸೋಯಾ ಅವರೆ, ಹತ್ತಿ ಇವುಗಳಲ್ಲಿ ಒಂದನ್ನು ಬೆಳೆದರೆ ಶಿಲೀಂಧ್ರಕ್ಕೆ ಉಪವಾಸ. ಬೀಜದ ತಳಿಯು ಒಂದು ಕುಲವನ್ನು ತಡೆಯುವುದು, ಮತ್ತೊಂದನ್ನು ಬಿಡುವುದು, ಉಪವಾಸಕ್ಕೆ ಕುಲಭೇದವಿಲ್ಲ. ಈ ಕಾರಣದಿಂದಲೇ ಪರ್ಯಾಯ ಬೆಳೆಯನ್ನು ನಾವು ಔಷಧಕ್ಕಿಂತ ಮೇಲೆ ಎಣಿಸುವೆವು. ಮಳೆ ಬಂದೊಡನೆ ಬಿತ್ತಿದವನಿಗಿಂತ ತಡವಾಗಿ ಬಿತ್ತಿದವನಿಗೆ ಅಪಾಯ ಹೆಚ್ಚು. ಅವನ ಪೈರು ಎಳೆಯದಾಗಿರುವಾಗಲೇ ನೆರೆಹೊಲದ ಬಲಿತ ಕಲೆಗಳಿಂದ ಬೀಜಾಣುಗಳು ಹಾರಿಬರುವುವು.

ಔಷಧದ ವಿಚಾರದಲ್ಲಿ ಕಾಲವೇ ಮುಖ್ಯ. ತೆನೆಯ ಬುಡದ ಎಲೆಯೂ ಅದರ ಮೇಲಿನ ಎಲೆಗಳೂ ಕಾಳನ್ನು ತುಂಬಿಸತಕ್ಕವು. ಅವನ್ನು ಉಳಿಸಿಕೊಂಡರೆ ಬೆಳೆಯು ಉಳಿಯಿತು. ಕೆಳಗಿನ ಎಲೆಗಳಲ್ಲಿ ಕಲೆಗಳು ಕಂಡು, ಮೋಡದ ಹವೆ ಮುಂದುವರಿದು, ಸೂಲಂಗಿ ಇನ್ನೂ ಹೊರಡದಿದ್ದರೆ ತಡಮಾಡದೆ ಮ್ಯಾಂಕೊಜೆಬ್ ಎಂಬ ಪುಡಿಯನ್ನು ಲೀಟರು ನೀರಿಗೆ ೨.೫ ಗ್ರಾಮಿನಂತೆ ಕಲಸಿ ಸಿಂಪಡಿಸಿ, ಎಂಟು ಹತ್ತು ದಿನಗಳ ಮೇಲೆ ಮತ್ತೊಮ್ಮೆ ಸಿಂಪಡಿಸುವುದು ವಾಡಿಕೆ. ಅಜಾಕ್ಸಿಸ್ಟ್ರೋಬಿನ್ ಮತ್ತು ಡೈಫೆನ್‌ಕೊನಜೋಲ್ ಕೂಡಿದ ದ್ರವವನ್ನು ಲೀಟರಿಗೆ ಒಂದು ಮಿಲಿಲೀಟರಿನಂತೆ ಬಳಸುವುದೂ ಉಂಟು. ಇಲ್ಲಿಯೂ ಕುಲಭೇದದ ನಿಯಮವೇ ನಡೆಯುವುದೆಂಬುದನ್ನು ಮರೆಯಬಾರದು. ಮ್ಯಾಂಕೊಜೆಬ್ ಶಿಲೀಂಧ್ರವನ್ನು ಹಲವು ಕಡೆಗಳಿಂದ ಹೊಡೆಯುವುದು. ಹೊಸ ಔಷಧಗಳು ಒಂದೇ ಮರ್ಮಕ್ಕೆ ಗುರಿಯಿಡುವುವು. ಒಂದೇ ಮರ್ಮದ ಔಷಧವನ್ನು ಮತ್ತೆ ಮತ್ತೆ ಸುರಿದರೆ ಆ ಮರ್ಮವು ಬದಲಾದ ಕುಲವೇ ಉಳಿದು ಬೆಳೆಯುವುದು. ಆದುದರಿಂದ ಔಷಧಗಳನ್ನೂ ಬದಲಾಯಿಸುತ್ತಿರಬೇಕು. ಕಾಳು ಗಟ್ಟಿಯಾದ ಮೇಲೆ ಸಿಂಪಡಿಸುವುದು ಹಣವನ್ನು ಗಾಳಿಗೆ ತೂರಿದಂತೆ. ತಲೆಯೆತ್ತರದ ಪೈರಿನೊಳಗೆ ನಡೆಯುವವನ ಮುಖದ ಮೇಲೆಯೇ ಔಷಧವು ಬೀಳುವುದರಿಂದ ಮೂಗು ಬಾಯಿಗಳಿಗೆ ಮುಸುಕನ್ನು ಕಟ್ಟಿಕೊಳ್ಳತಕ್ಕದ್ದು. ಸಿಂಪಡಿಸಿದ ಹೊಲದ ಹಸಿಯ ಮೇವನ್ನು ಡಬ್ಬಿಯ ಮೇಲೆ ಹೇಳಿದ ದಿನಗಳು ಕಳೆಯುವವರೆಗೆ ಹಾಲು ಕರೆಯುವ ದನಕ್ಕೆ ಹಾಕಬಾರದು. ಹುರಿದು ತಿನ್ನುವ ಎಳೆಯ ತೆನೆಗೂ ಇದೇ ನಿಯಮ.

ರೋಗವನ್ನು ತಡೆಯುವುದೆಂದು ಹೆಸರಾದ ತಳಿಯ ಮೇಲೆಯೇ ದೊಡ್ಡ ಕಲೆಗಳು ಎದ್ದರೆ ಅಂಗಡಿಯವನೊಡನೆ ಜಗಳಕ್ಕೆ ಹೋಗುವುದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿದೆ. ಹೊಸ ಕುಲವೊಂದು ಬಂದಿರುವುದು ಶಾಸ್ತ್ರಜ್ಞರಿಗೆ ಗೊತ್ತಾಗುವುದು ಇಂಥ ಹೊಲಗಳಿಂದಲೇ. ಅವರು ಕಲೆಯಿಂದ ಶಿಲೀಂಧ್ರವನ್ನು ಬೇರ್ಪಡಿಸಿ, ಬೇರೆ ಬೇರೆ ವಂಶವಾಹಿಗಳುಳ್ಳ ಗಿಡಗಳ ಸಾಲಿಗೆ ಹಚ್ಚಿ, ಯಾವುದರ ಮೇಲೆ ಬೆಳೆಯುವುದೆಂದು ನೋಡುವರು. ಆದುದರಿಂದ ಕಲೆಯು ಇನ್ನೂ ಅರ್ಧ ಹಸಿರಾಗಿರುವಾಗ ನಾಲ್ಕೈದು ಎಲೆಗಳನ್ನು ಕತ್ತರಿಸಿ, ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಇಟ್ಟು ನೆರಳಿನಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಕೊಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಎಲೆಯು ಬೆವತು ಕೊಳೆತು ಪರೀಕ್ಷೆಗೆ ಬಾರದೆ ಹೋಗುವುದು. ಲಕೋಟೆಯ ಮೇಲೆ ಊರು, ಬಿತ್ತಿದ ದಿನ, ಬೀಜದ ಚೀಲದ ಮೇಲಿದ್ದ ತಳಿಯ ಹೆಸರು ಮತ್ತು ಸಂಖ್ಯೆ, ಕಲೆಯು ಮೊದಲು ಕಂಡ ದಿನ, ಇಷ್ಟನ್ನು ಬರೆದಿರಬೇಕು. ಬೀಜದ ಚೀಲವನ್ನೂ ಅದರ ರಸೀದಿಯನ್ನೂ ಬಿತ್ತಿದ ದಿನವೇ ಒಲೆಗೆ ಹಾಕುವ ವಾಡಿಕೆಯು ಅನೇಕ ಮನೆಗಳಲ್ಲಿದೆ. ಅವನ್ನು ಕೊಯ್ಲು ಮುಗಿಯುವವರೆಗೆ ಪಂಚಾಂಗದ ಜೊತೆಯಲ್ಲಿಯೇ ಮೊಳೆಗೆ ತೂಗುಹಾಕಿಡುವುದು ಒಳ್ಳೆಯದು.